ಬಬ್ಬಣ್ಣನ ಕೊನೆಯ ಪುಟ

"ನ-ನ-ನನ್ನ ಹೆಸರು ಬ-ಬ-ಬ" ಎಂದು ಋಷಿಕೇಶ ಕುಲಕರ್ಣಿ ಮೈಕಿನ ಮುಂದೆ ಕುತ್ತಿಗೆ ಚಾಚಿ ಕಣ್ಣು ಅರಳಿಸಿದರೆ ಸಾಕು, ಎದುರಿಗೆ ಕೂತ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಬಬ್ಬಣ್ಣ!" ಎಂದು ಕೂಗುತ್ತಿದ್ದರು. ಆಮೇಲೆ ಎಷ್ಟೋ ಹೊತ್ತು ನಗು ನಿಲ್ಲುತ್ತಿರಲಿಲ್ಲ. ಹಿಂದೆ ಗೋಡೆಗೆ ಒರಗಿ ನಿಂತ ಮಾಸ್ತರರೂ ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಹಾವೇರಿಯ ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತನಾದ ಋಷಿಕೇಶ, ಮೂರು ವರ್ಷದ ಹಿಂದೆ 'ಬಬ್ಬಣ್ಣನ ಫಜೀತಿ' ಎಂಬ ಎಂಬತ್ತು ಪುಟದ ಮಕ್ಕಳ ಪುಸ್ತಕ ಬರೆದಿದ್ದ. ಬಸಣ್ಣ ಎಂಬ ಹುಡುಗನಿಗೆ ತೊದಲು. ಹೆಸರು ಕೇಳಿದರೆ "ಬ-ಬ-ಬ" ಅನ್ನುತ್ತಾನೆ, ಹಾಗಾಗಿ ಊರೆಲ್ಲ ಬಬ್ಬಣ್ಣ ಎಂದೇ ಕರೆಯುತ್ತದೆ. ಬೆಲ್ಲ ತರಲು ಹೋದವನಿಗೆ, ಮಾತು ಮುಗಿಯುವ ತನಕ ಕಾಯದ ಅಂಗಡಿಯವನು ಬೆಂಡೆಕಾಯಿ ಕಟ್ಟಿ ಕೊಡುತ್ತಾನೆ. ಕಂಡಕ್ಟರ್ ಬೇರೆಯೇ ಊರಿನ ಟಿಕೆಟ್ ಹರಿಯುತ್ತಾನೆ. ಹೀಗೆ ಫಜೀತಿಯ ಮೇಲೆ ಫಜೀತಿ ಆಗಿ, ಕೊನೆಯ ಪುಟದಲ್ಲಿ ಬಬ್ಬಣ್ಣ ಗಳಗನಾಥದ ಸಂಗಮದಲ್ಲಿ ಮೂರು ಸಲ ಮುಳುಗಿ ಎದ್ದು, ತನ್ನ ಹೆಸರನ್ನು ದಡದಲ್ಲಿದ್ದವರಿಗೆಲ್ಲ ಕೇಳುವಂತೆ ಸ್ವಚ್ಛವಾಗಿ ಕೂಗುತ್ತಾನೆ. ಒಂದು ಟ್ರಸ್ಟ್ ಈ ಪುಸ್ತಕವನ್ನು ಜಿಲ್ಲೆಯ ಮುನ್ನೂರು ಶಾಲೆಗಳಿಗೆ ಹಂಚಿತ್ತು. ನಿವೃತ್ತ ಶಿಕ್ಷಕ ಶಂಭುಲಿಂಗ ತನ್ನ ಕಾರಿನಲ್ಲಿ ಋಷಿಕೇಶನನ್ನು ಕೂರಿಸಿಕೊಂಡು ಶಾಲೆಯಿಂದ ಶಾಲೆಗೆ ಓಡಾಡಿಸುತ್ತಿದ್ದ. ಲೇಖಕರ ಜೊತೆ ಮಕ್ಕಳ ಭೇಟಿ ಎಂದು ಬ್ಯಾನರು ಮಾಡಿಸಿದ್ದವನೂ ಅವನೇ.

ಶಂಭುಲಿಂಗನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಋಷಿಕೇಶನಿಗೆ ಐದನೆಯ ವರ್ಷದಿಂದಲೂ ತೊದಲು.

ಒಂಬತ್ತನೇ ಇಯತ್ತೆಯಲ್ಲಿದ್ದಾಗ ಶಾಲೆಯ ನಾಟಕದಲ್ಲಿ ಅವನಿಗೆ ತೊದಲುವ ಆಳಿನ ಪಾತ್ರ ಕೊಟ್ಟಿದ್ದರು. ಇದ್ದದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಮಾಡಿ ತೊದಲಿದ. ಜನ ಬಿದ್ದು ಬಿದ್ದು ನಕ್ಕರು. ಅವತ್ತೇ ಅವನಿಗೆ ಒಂದು ವಿಚಿತ್ರ ತಿಳಿಯಿತು: ಬೇರೆಯವನಾಗಿ ಮಾತಾಡಿದರೆ ಮಾತು ಹರಿಯುತ್ತದೆ, ತಾನಾಗಿ ಆಡಿದರೆ ನಿಲ್ಲುತ್ತದೆ. ಅಲ್ಲಿಂದ ಅವನು ಬದುಕನ್ನು ಹಾಗೇ ಜೋಡಿಸಿಕೊಂಡ. ಕೋರ್ಟಿನಲ್ಲಿ ಬೆರಳುಗಳಿಗೆ ಕೆಲಸ, ಬಾಯಿಗಿಲ್ಲ. ಉಳಿದ ಕಡೆ "ಹೂಂ", "ಅಲ್ಲ", ಒಂದು ನಗು. ಕುಲಕರ್ಣಿಯವರು ಮಿತಭಾಷಿ ಎಂದು ಜನ ಹೊಗಳುತ್ತಿದ್ದರು. ವೇದಿಕೆಯಲ್ಲಿ ಮೊದಲು ಬಬ್ಬಣ್ಣನ ದನಿ ತೆಗೆದರೆ ಆಮೇಲೆ ಒಂದು ತಾಸಿನ ಕಾರ್ಯಕ್ರಮ, ಬಾಯಿಪಾಠ ಮಾಡಿದ್ದು, ಎಲ್ಲೂ ತಡೆಯದೆ ಬರುತ್ತಿತ್ತು. ಇಳಿದ ಮೇಲೆ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಈ ವರ್ಷದ ತಿರುಗಾಟ ಸೋಮವಾರ ಹಾವೇರಿಯಲ್ಲಿ ಶುರುವಾಯಿತು. ಮಂಗಳವಾರ ಬ್ಯಾಡಗಿ. ಮೆಣಸಿನಕಾಯಿ ಪೇಟೆಯ ಘಾಟು ಊರೆಲ್ಲ ಹರಡಿತ್ತು. ಕಾರಿನ ಗಾಜು ಇಳಿಸಿದ ಕೂಡಲೇ ಶಂಭುಲಿಂಗ ನಾಲ್ಕು ಸೀನು ಸೀನಿದ. ಶಾಲೆಯಲ್ಲಿ ಮಾತ್ರ ಯಾರೂ ಸೀನುತ್ತಿರಲಿಲ್ಲ.

ಪ್ರಾರ್ಥನೆಯ ಹಾಲಿನಲ್ಲಿ ಋಷಿಕೇಶ ಬಬ್ಬಣ್ಣನ ದನಿ ತೆಗೆದ. ಮಕ್ಕಳು ಕೂಗಿದರು. ಅದರ ನಡುವೆ ಕಿಟಕಿಯ ಹತ್ತಿರ ಕೂತ ಒಬ್ಬ ಹುಡುಗಿ ನಗದೆ ಇರುವುದು ಅವನಿಗೆ ಕಂಡಿತು. ಹಿಂದಿನ ಸಾಲಿನ ಹುಡುಗನೊಬ್ಬ ಅವಳ ಬೆನ್ನಿಗೆ ಪೆನ್ನು ಚುಚ್ಚಿ, "ಲೇ ಬಬ್ಬೀ, ನಿಮ್ಮ ಕಾಕಾ ಬಂದಾನ ನೋಡ" ಎಂದ. ಸುತ್ತಲಿನವರು ಕಿಸಕ್ಕನೆ ನಕ್ಕರು. ಹುಡುಗಿ ತಿರುಗಿ ನೋಡಲಿಲ್ಲ. ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು.

ಅವನ ಬಾಯಲ್ಲಿ ಕಥೆ ತನ್ನಷ್ಟಕ್ಕೆ ನಡೆದೇ ಇತ್ತು. ನಿಲ್ಲಿಸಬೇಕು ಅನ್ನಿಸಿತು, ಆದರೆ ನಿಲ್ಲಿಸಿದರೆ ಮುಂದೆ ಬರುವುದು ಅವನದೇ ಸ್ವಂತ ದನಿ. ಕಥೆ ಮುಂದುವರಿಸಿದ. ಕೊನೆಗೆ ಮಕ್ಕಳು ಚೀಟಿಯಲ್ಲಿ ಪ್ರಶ್ನೆ ಬರೆದು ಕಳಿಸಿದರು. ನಿಮಗೆ ಕಥೆ ಹೆಂಗ ಹೊಳೀತದ, ಬಬ್ಬಣ್ಣನ ಮನಿ ಎಲ್ಲಿ ಐತಿ, ಎರಡನೇ ಭಾಗ ಯಾವಾಗ. ಇವಕ್ಕೆಲ್ಲ ಉತ್ತರ ಮೊದಲೇ ತಯಾರಿದ್ದವು. ಒಂದು ಚೀಟಿ ಮಾತ್ರ ಅವನು ಗಟ್ಟಿಯಾಗಿ ಓದಲಿಲ್ಲ.

'ಸರ್, ನಾನು ಗಳಗನಾಥಕ್ಕೆ ಹೋಗಿ ಬಂದೆ. ಮೂರು ಸಲ ಮುಳುಗಿದೆ. ಏನೂ ಆಗಲಿಲ್ಲ. ನೀವು ಬರೆದದ್ದು ಖರೇನಾ? ದಿಲನಾಜ, 7ನೇ ತರಗತಿ.'

ಕಾರ್ಯಕ್ರಮ ಮುಗಿದ ಮೇಲೆ ಮುಖ್ಯ ಶಿಕ್ಷಕಿ ಹರಿಪ್ರಿಯಾ ತಮ್ಮ ಕೋಣೆಯಲ್ಲಿ ಉಪ್ಪಿಟ್ಟು, ಚಹಾ ಇಡಿಸಿದ್ದರು. ಋಷಿಕೇಶ ಚೀಟಿಯನ್ನು ಅವರ ಮುಂದೆ ಇಟ್ಟ.

ಹರಿಪ್ರಿಯಾ ಓದಿ ಹಣೆ ಮುಟ್ಟಿಕೊಂಡರು. "ಭಾಳ ಶಾಣ್ಯಾ ಹುಡುಗಿರಿ. ಮೊದಲ ನಿಧಾನಕ್ಕ ಪಾಠ ಓದತಿದ್ಲು, ಎಲ್ಲಾರೂ ಕೇಳತಿದ್ರು. ಹೋದ ವರ್ಷ ನಿಮ್ಮ ಪುಸ್ತಕ ಬಂತಲ್ಲ, ಆವಾಗಿಂದ ಅಕಿಗೆ ಬಬ್ಬಿ ಅನ್ನಾಕತ್ತಾರ. ಹುಡುಗರ ಚೇಷ್ಟಿ, ನಾವೂ ಎಷ್ಟಂತ ಬೈಯೋಣ? ಈಗ ಬಾಯೇ ತೆಗಿಯಂಗಿಲ್ಲ. ಹಾಜರಿ ಕರದ್ರ ಕೈ ಎತ್ತತಾಳ."

ಅವನು ಹುಡುಗಿಯನ್ನು ಕರೆಸುವಂತೆ ಸನ್ನೆ ಮಾಡಿದ.

ದಿಲನಾಜ ಬಂದು ಬಾಗಿಲಲ್ಲೇ ನಿಂತಳು. ತೆಳ್ಳನೆಯ ಹುಡುಗಿ, ಎರಡು ಬಿಗಿ ಜಡೆ. ಹರಿಪ್ರಿಯಾ "ಕೇಳವಾ, ಸರ್ ಏನೂ ಅನ್ನಂಗಿಲ್ಲ" ಎಂದರು. ಹುಡುಗಿ ಬಾಯಿ ತೆರೆದಳು. ದನಿ ಬರಲಿಲ್ಲ. ದವಡೆ ಸಣ್ಣಗೆ ನಡುಗಿತು. ಕೊನೆಗೆ ಒಮ್ಮೆಲೇ ಹೊರಬಂತು: "ಖರೇ ಏನ್ರಿ ಅದು?"

ಅದು ಕಥೆ ಅಷ್ಟೇ, ನದಿಯ ನೀರಿಗೆ ಅಂಥ ಶಕ್ತಿ ಇಲ್ಲ, ನನ್ನದು ತಪ್ಪಾಯಿತು ಎಂದು ಹೇಳಬೇಕೆಂದು ಋಷಿಕೇಶ ಬಾಯಿ ತೆರೆದ. 'ಕ' ಎಂಬ ಅಕ್ಷರ ಗಂಟಲಲ್ಲೇ ನಿಂತಿತು. ನಟನೆಯ ತೊದಲಿನಲ್ಲಿ ಅಕ್ಷರ ಎರಡು ಮೂರು ಸಲ ಪುಟಿದು ದಾಟುತ್ತದೆ. ನಿಜವಾದದ್ದು ಹಾಗಲ್ಲ. ಉಸಿರು ಒಳಗೆ, ಬಾಯಿ ತೆರೆದೇ, ನಡುವೆ ಏನೂ ಇಲ್ಲ. ಅವನ ಕತ್ತಿನ ನರ ಉಬ್ಬಿದವು.

ಹರಿಪ್ರಿಯಾ ನಕ್ಕುಬಿಟ್ಟರು. "ಅಯ್ಯ, ಏನ್ ಮಾಡತೀರಿ ಸರ್ ನೀವು! ನೋಡು ದಿಲನಾಜ, ನಿನ್ನ ಸಲುವಾಗಿ ಮತ್ತೊಮ್ಮೆ ಬಬ್ಬಣ್ಣ ಆದ್ರು."

ದಿಲನಾಜ ನಗಲಿಲ್ಲ. ಅವನ ತುಟಿಯನ್ನು, ಕತ್ತನ್ನು ಕಣ್ಣು ಕೀಳದೆ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ನಿ-ನಿಮಗೂ ಐತಿ" ಎಂದಳು.

ಅದು ಪ್ರಶ್ನೆಯಾಗಿರಲಿಲ್ಲ. ಕೋಣೆಯಲ್ಲಿ ಹರಿಪ್ರಿಯಾ ಇದ್ದರು, ಉಪ್ಪಿಟ್ಟು ತಿನ್ನುತ್ತಿದ್ದ ಶಂಭುಲಿಂಗ ಇದ್ದ. ಇಷ್ಟು ವರ್ಷ ಮುಚ್ಚಿಟ್ಟದ್ದು ಮೇಜಿನ ಮೇಲೆ ಬಂದು ಬಿದ್ದಂತಾಯಿತು. ಋಷಿಕೇಶ ಏನು ಮಾಡಿದನೆಂದರೆ, ಕುತ್ತಿಗೆ ಚಾಚಿ ಕಣ್ಣು ಅರಳಿಸಿ, "ನ-ನ-ನನಗ ಐತಿ, ಹ-ಹ-ಹಸಿವು ಐತಿ!" ಎಂದ. ಶಂಭುಲಿಂಗ ಗೊಳ್ಳೆಂದು ನಕ್ಕು ಕೆಮ್ಮಿದ. ಹುಡುಗಿಯ ಮುಖ ಬಾಡಿತು. ಅವಳು ತಿರುಗಿ ಹೊರಟುಹೋದಳು.

ಹಾವೇರಿಗೆ ಮರಳುವಾಗ ಶಂಭುಲಿಂಗ ನಾಳಿನ ಕಾರ್ಯಕ್ರಮದ ಬಗ್ಗೆಯೇ ಮಾತಾಡಿದ. ರಾಣೇಬೆನ್ನೂರಿನ ಕಲ್ಯಾಣ ಮಂಟಪ, ಐದು ಶಾಲೆಯ ಮಕ್ಕಳು, ಆರು ನೂರರ ಮೇಲೆ. ಋಷಿಕೇಶ "ನಾಳೆ ಬ್ಯಾಡ" ಎಂದ.

"ಏನು ಬ್ಯಾಡ್ರಿ?"

ಮುಂದಿನ ಮಾತು ಬರಲಿಲ್ಲ. ತಲೆ ಅಲ್ಲಾಡಿಸಿದ.

"ಮೈಯಾಗ ಹುಷಾರಿಲ್ಲೇನು? ಒಂದು ಗುಳಗಿ ತಗೊಂಡು ಮಲಕೊಳ್ರಿ. ಮಕ್ಕಳು ಬಬ್ಬಣ್ಣ ಬರತಾನ ಅಂತ ಹದಿನೈದು ದಿನದಿಂದ ಕಾಯಾಕತ್ತಾವ. ಈಗ ಬ್ಯಾಡ ಅಂದ್ರ ನಾ ಮಾರಿ ತೋರಸೂದು ಹೆಂಗ?"

ಮನೆಯಲ್ಲಿ ಹೆಂಡತಿ ನಂದಿತಾ ಅವನ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದಳು. ಜಗತ್ತಿನಲ್ಲಿ ಅವನು ತೊದಲುತ್ತಲೇ ಮಾತಾಡುತ್ತಿದ್ದುದು ಅವಳೊಬ್ಬಳ ಮುಂದೆ ಮಾತ್ರ. ಎಲ್ಲ ಹೇಳಿ ಮುಗಿಸಲು ಅರ್ಧ ತಾಸು ಹಿಡಿಯಿತು. ನಂದಿತಾ ನಡುವೆ ಒಂದು ಶಬ್ದವನ್ನೂ ಎತ್ತಿಕೊಡಲಿಲ್ಲ.

"ಆ ಹುಡುಗಿ ನಿಮ್ಮನ್ನ ಗುರ್ತು ಹಿಡೀತು," ಎಂದಳು ಕೊನೆಗೆ. "ನೀವು ಅಕಿನ್ನ ಬಿಟ್ಟು ಓಡಿ ಬಂದ್ರಿ."

"ನಾ-ನಾಳೆ ಹೇಳತೇನಿ. ಎಲ್ಲಾರ ಮುಂದ."

"ಹೇಳ್ರಿ. ಆದ್ರ ಅವರು ಕೇಳಬೇಕಲ್ಲ."

ರಾಣೇಬೆನ್ನೂರಿನ ಮಂಟಪ ಕಿಕ್ಕಿರಿದಿತ್ತು. ಋಷಿಕೇಶ ಮೈಕಿನ ಮುಂದೆ ಬರುವ ಮೊದಲೇ "ಬಬ್ಬಣ್ಣ! ಬಬ್ಬಣ್ಣ!" ಶುರುವಾಗಿತ್ತು. ಅವನು ಕುತ್ತಿಗೆ ಚಾಚಲಿಲ್ಲ. ಕೈ ಎರಡೂ ಮೈಗೆ ಅಂಟಿಸಿಕೊಂಡು ನಿಂತು ತನ್ನದೇ ದನಿಯಲ್ಲಿ ಹೇಳಲು ಹೋದ.

"ಮಕ್ಕಳೇ, ಇವತ್ತು ನಾ ಬ... ಬ..."

ಮಂಟಪ ನಗೆಯಿಂದ ಎದ್ದು ಕುಣಿಯಿತು.

ಅವನು ಕಾದ. ಮತ್ತೆ ಹೇಳಿದ. "ಇದು ನಟನೆ ಅಲ್ಲ. ಇದು ಖ..." ಅಕ್ಷರ ನಿಂತಿತು. ದವಡೆ ನಡುಗಿತು, ಕಣ್ಣು ಮುಚ್ಚಿಹೋದವು. ಮುಂದಿನ ಸಾಲಿನ ಮಕ್ಕಳು ಹೊಟ್ಟೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಇಂಥದನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಮಾಸ್ತರೊಬ್ಬರು ಮೊಬೈಲ್ ಎತ್ತಿ ಹಿಡಿದರು. "ಖರೇ ಐತಿ" ಎಂದು ಕೊನೆಗೂ ಅವನು ಹೇಳಿದಾಗ ಚಪ್ಪಾಳೆ ಬಿತ್ತು.

ಬೆವರು ಕಿವಿಯ ಹಿಂದಿನಿಂದ ಕಾಲರಿನೊಳಕ್ಕೆ ಇಳಿಯಿತು. ಒಂದೇ ಒಂದು ಸಲ ಬಬ್ಬಣ್ಣನ ದನಿ ತೆಗೆದರೆ ಎಲ್ಲ ಸುಲಭವಾಗುತ್ತಿತ್ತು. ಆ ದನಿಯಲ್ಲಿ "ನನಗೆ ನಿಜವಾಗಿ ತೊದಲಿದೆ" ಎಂದು ಸಲೀಸಾಗಿ ಹೇಳಬಹುದಿತ್ತು, ಮತ್ತು ಅದನ್ನು ಯಾರೂ ನಂಬುತ್ತಿರಲಿಲ್ಲ. ತನ್ನ ದನಿಯಲ್ಲಿ ಹೇಳಿದರೂ ಯಾರೂ ನಂಬುತ್ತಿಲ್ಲ. ಎಲ್ಲಿಂದಲೂ ಹೊರಗೆ ದಾರಿ ಇರಲಿಲ್ಲ, ಮತ್ತು ಇದನ್ನೆಲ್ಲ ಕಟ್ಟಿದವನು ತಾನೇ ಎಂದು ಅವನಿಗೆ ಅಲ್ಲಿ, ಆ ಬೆಳಕಿನಲ್ಲಿ ನಿಂತು ಅರ್ಥವಾಯಿತು.

ಆದರೂ ಹೇಳಿದ. ಒಂದು ಹುಡುಗಿ ನನ್ನ ಪುಸ್ತಕದಿಂದ ಮಾತು ಬಿಟ್ಟಿದ್ದಾಳೆ, ಹಾಗೆ ಯಾರನ್ನೂ ಕರೆಯಬೇಡಿ, ಕೊನೆಯ ಪುಟ ಸುಳ್ಳು. ಮೂರು ವಾಕ್ಯಕ್ಕೆ ಹನ್ನೊಂದು ನಿಮಿಷ. ನಗು ಸುಸ್ತಾಗಿ ತಾನೇ ಕಡಿಮೆಯಾಯಿತು. ಹಿಂದಿನ ಸಾಲಿನಲ್ಲಿ ಕೆಲವು ಮಕ್ಕಳು ಸುಮ್ಮನಾಗಿ ಮುಖ ಮುಖ ನೋಡಿಕೊಂಡರು. ಏನೋ ಸರಿಯಿಲ್ಲ ಎಂದು ಅವರಿಗೆ ಅನ್ನಿಸತೊಡಗಿದ ಹೊತ್ತಿಗೆ ಸರಿಯಾಗಿ ಶಂಭುಲಿಂಗ ಓಡಿಬಂದು ಮೈಕ್ ಹಿಡಿದ.

"ಎಂಥಾ ಕಲಾವಿದರು ನೋಡ್ರಿ ಮಕ್ಕಳೇ! ಜೋರ್ ಚಪ್ಪಾಳಿ!"

ಮಂಟಪ ಹಗುರಾಯಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಕಾರಿನಲ್ಲಿ ಕೂತ ಮೇಲೆ ಶಂಭುಲಿಂಗ ಕೀಲಿ ತಿರುಗಿಸದೆ ಅವನ ಕಡೆ ಹೊರಳಿದ. "ಖರೇನ ಐತೇನ್ರಿ ನಿಮಗ?" ಎಂದ.

"ಹೂಂ."

"ನನಗರೆ ಮೊದಲ ಹೇಳಬಾರದಿತ್ತಾ? ಜನಾ ಏನೋ ಅಂದಕೋತಾರಂತ ಅಂಜಿ, ಚಪ್ಪಾಳಿ ಹೊಡಿಸಿ ನಾನ ಮುಚ್ಚಿಬಿಟ್ಟೆ." ಗಾಡಿ ಚಾಲೂ ಮಾಡಿದ. "ಆದ್ರೂ ಒಂದು ಮಾತು. ಇದನ್ನ ಮತ್ತ ಯಾರಿಗೂ ಹೇಳಾಕ ಹೋಗಬ್ಯಾಡ್ರಿ. ಬಬ್ಬಣ್ಣ ನಡದಾನ, ನಡೀಲಿ."

ಸಂಜೆಯೊಳಗೆ ಆ ವಿಡಿಯೋ ಶಿಕ್ಷಕರ ಗುಂಪುಗಳಲ್ಲೆಲ್ಲ ಓಡಾಡಿತು. ಬಬ್ಬಣ್ಣನ ಅತ್ಯುತ್ತಮ ಅಭಿನಯ ಎಂದು ಮೇಲೆ ಬರೆದಿದ್ದರು. ಹೊಸದಾಗಿ ನಾಲ್ಕು ಶಾಲೆಯವರು ಬರಲು ಕರೆದರು.

ಭಾನುವಾರ ಋಷಿಕೇಶ ಒಬ್ಬನೇ ಬಸ್ಸು ಹತ್ತಿ ಬ್ಯಾಡಗಿಗೆ ಹೋದ. ಹರಿಪ್ರಿಯಾ ವಿಳಾಸ ಬರೆದು ಕಳಿಸಿದ್ದರು. ಮಾರುಕಟ್ಟೆಯ ಹಿಂದಿನ ಓಣಿ. ಬಾಗಿಲಲ್ಲಿ ಕೂತ ಮುದುಕ ದಿಲನಾಜಳ ಅಜ್ಜ ಫಕ್ಕೀರಸಾಬ, ಮೆಣಸಿನಕಾಯಿ ಪೇಟೆಯಲ್ಲಿ ನಲವತ್ತು ವರ್ಷ ಹಮಾಲಿ ಮಾಡಿದವನು. ಋಷಿಕೇಶ ತಾನು ಯಾರೆಂದು ಹೇಳಲು ಒದ್ದಾಡುತ್ತಿರುವಾಗಲೇ ಅವನು ಕೈ ಎತ್ತಿದ.

"ಗೊತ್ತಾತ್ರಿ. ಒಳಗ ಬರ್ರಿ, ಕುಂದ್ರಿ."

ಕುಳಿತ ಮೇಲೆ ಮುದುಕ ದನಿ ಏರಿಸದೆ ಹೇಳಿದ. "ನಾನ ಒಯ್ದೆನ್ರಿ ಅಕಿನ್ನ. ಹಾವೇರಿ, ಗುತ್ತಲ, ಅಲ್ಲಿಂದ ಗಳಗನಾಥ. ಬ್ಯಾಡ ಬೇಟಿ, ಅದು ಕತಿ ಐತಿ ಅಂದೆ. ಪುಸ್ತಕದಾಗ ಅಚ್ಚು ಹಾಕ್ಯಾರ ದಾದಾ, ಸುಳ್ಳು ಹಾಕತಾರೇನು ಅಂದ್ಲು. ನನಗ ಓದಾಕ ಬರಂಗಿಲ್ಲ. ಏನು ಹೇಳ್ಲಿ? ಮೂರು ಸಲ ಮುಳುಗಿದ್ಲು. ಮ್ಯಾಲ ಎದ್ದು ನನ್ನ ಕರಿಯಾಕ ನೋಡಿದ್ಲು, ಆಗಲಿಲ್ಲ. ಮತ್ತ ಮೂರು ಸಲ ಮುಳುಗಿದ್ಲು. ತುಟಿ ನೀಲಿ ಆಗಿದ್ವು. ಕೈ ಹಿಡದು ಎಳಕೊಂಡು ಬಂದೆ."

ಋಷಿಕೇಶನಿಗೆ ಕ್ಷಮೆ ಕೇಳುವುದಕ್ಕೂ ಮಾತು ಬೇಕಿತ್ತು. ಅವನು ಬಾಯಿ ತೆರೆದು, ನಿಂತುಹೋದ ಅಕ್ಷರದೊಡನೆ ಒದ್ದಾಡುವುದನ್ನು ಮುದುಕ ನೋಡಿದ. ಬಾಗಿಲ ಪರದೆಯ ಹಿಂದಿನಿಂದ ದಿಲನಾಜಳೂ ನೋಡುತ್ತಿದ್ದಳು. ಅವಳ ತಾಯಿ ಶಾಹೀನ್ ಚಹಾ ಹಿಡಿದು ಬಂದವಳು ಹಾಗೇ ನಿಂತಳು. ಯಾರೂ ನಗಲಿಲ್ಲ.

"ತ... ತಪ್ಪಾತು," ಎಂದ.

ದಿಲನಾಜ ಹೊರಗೆ ಬಂದಳು. "ಅವತ್ತ ನೀವು ಸು-ಸುಳ್ಳ ಮಾಡಿದ್ರಿ. ದೊಡ್ಡ ಟೀಚರ್ ಮುಂದ."

"ಹೂಂ."

"ವಿಡಿಯೋದಾಗ ಮಾಡಿಲ್ಲ."

"ಇಲ್ಲ."

ಅವಳು ಮುಂದೆ ಬಂದು ಕೇಳಿದಳು. "ಎಷ್ಟನೇ ವ-ವರ್ಷಕ್ಕ ಹೋಗತೈತ್ರಿ ಇದು?"

ಅವನಿಗೆ ಸುಳ್ಳು ಹೇಳಬೇಕೆನ್ನಿಸಿತು. "ನನಗ ಅರವತ್ತೊಂದು," ಎಂದ.

ಹುಡುಗಿಯ ಕಣ್ಣು ತುಂಬಿದವು. ಶಾಹೀನ್ ಕಪ್ಪು ಟಪ್ಪೆಂದು ಇಟ್ಟಳು. "ಹಂಗ ಹೇಳಬ್ಯಾಡ್ರಿ ಸರ್. ಡಾಕ್ಟರ್ ಕಡೆ ತೋರಿಸಿದ್ರ, ಕಲಿಸಿದ್ರ, ಕಡಿಮಿ ಆಗತೈತಿ ಅಂತಾರ."

"ಆ-ಆಗತೈತ್ರಿ. ನಾ ಯಾರಿಗೂ ತೋರಿಸಲಿಲ್ಲ. ಬ... ಬಚ್ಚಿಟ್ಟೆ. ಅದಕ್ಕ ಹಂಗ ಉಳೀತು. ನೀವು ತೋರಿಸ್ರಿ."

"ಮತ್ತ ಯಾಕ ಬರದ್ರಿ, ಹೋತು ಅಂತ?" ದಿಲನಾಜ ಕೇಳಿದಳು. ಈ ಸಲ ದನಿಯಲ್ಲಿ ಸಿಟ್ಟಿತ್ತು.

ಉತ್ತರಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಚಹಾ ಆರಿತು. ತನಗೆ ಹಾಗೆ ಆಗಬೇಕಿತ್ತು, ಅದಕ್ಕೇ ಬರೆದೆ ಎಂದ. ಮಾತು ನಡುವೆ ನಿಂತಾಗಲೆಲ್ಲ ಅವಳು ತುದಿಗಾಲಲ್ಲಿ ನಿಂತು ಕಾದಳು.

ಆಮೇಲೆ ಅವನು ಚೀಲದಿಂದ ಎರಡು ಹಾಳೆ ತೆಗೆದು ಕೊಟ್ಟ. ಪುಸ್ತಕಕ್ಕೆ ಹೊಸ ಕೊನೆ, ತಾನೇ ಟೈಪ್ ಮಾಡಿದ್ದು. ಬಬ್ಬಣ್ಣ ಸಂಗಮದಲ್ಲಿ ಮುಳುಗಿ ಏಳುತ್ತಾನೆ, ಏನೂ ಆಗುವುದಿಲ್ಲ. ದಡದಲ್ಲಿ ಕೂತು ಅಳುತ್ತಾನೆ. ಅಜ್ಜ ಬಂದು ತಲೆ ಸವರುತ್ತಾನೆ.

ದಿಲನಾಜ ನಿಂತೇ ಓದಿದಳು. "ಯಾಕ ಅಳತಾನ?"

"ಮತ್ತ?"

"ನಾ ಅತ್ತಿಲ್ಲ." ಅವಳು ಹಾಳೆಯ ಮೇಲೆ ಬೆರಳಿಟ್ಟಳು. "ಅವಗ ಸಿ... ಸಿಟ್ಟು ಬರಬೇಕು. ಊರ ಮಂದಿ ಮ್ಯಾಲ. ಆ ಅಂಗಡಿಯವನ ಮ್ಯಾಲ. ಬೆಂಡಿಕಾಯಿ ಕಟ್ಟಿಕೊಟ್ನಲ್ಲ, ಒಗಿಬೇಕು ಅವನ ಮಾರಿಗೆ."

ಫಕ್ಕೀರಸಾಬ ಮೀಸೆಯೊಳಗೆ ನಕ್ಕ. ಋಷಿಕೇಶ ಪೆನ್ನು ತೆಗೆದ. ಮಧ್ಯಾಹ್ನ ಊಟದ ಹೊತ್ತಿನ ತನಕ ಅವರಿಬ್ಬರೂ ಆ ಪುಟದ ಮುಂದೆ ಕೂತರು. ಒಂದು ವಾಕ್ಯ ಅವಳು, ಒಂದು ಅವನು. ಇಬ್ಬರ ಬಾಯಿಂದಲೂ ಬರುವಾಗ ತಡ, ಹಾಳೆಗೆ ಇಳಿಯುವಾಗ ಸರಸರ.

ಅಲ್ಲಿಗೆ ಎಲ್ಲ ಸರಿಹೋಗಲಿಲ್ಲ. ಇರುವ ಪ್ರತಿಗಳು ಮುಗಿಯುವ ತನಕ ಏನೂ ಬದಲಿಸಲಾಗದು ಎಂದು ಪ್ರಕಾಶಕರು ತಿಳಿಸಿದರು. ಮುನ್ನೂರು ಶಾಲೆಯ ಕಪಾಟುಗಳಲ್ಲಿ ಪುಸ್ತಕ ಇದ್ದಲ್ಲೇ ಇತ್ತು. ಋಷಿಕೇಶ ಹೊಸ ಪುಟದ ಪ್ರತಿ ಮಾಡಿಸಿ, ಅಂಟಿನ ಬಾಟಲಿ ಹಿಡಿದು ಬಸ್ಸಿನಲ್ಲಿ ಶಾಲೆಗಳಿಗೆ ಹೋಗತೊಡಗಿದ. ಕೆಲವರು ಅಂಟಿಸಲು ಬಿಟ್ಟರು. ಕೆಲವರು, ಪುಸ್ತಕ ದಾಖಲೆಯಲ್ಲಿದೆ, ಮುಟ್ಟುವಂತಿಲ್ಲ ಎಂದರು. ಅಭಿನಯ ಇಲ್ಲದಿದ್ದರೆ ಬರುವುದು ಬೇಡ ಎಂದವರೂ ಇದ್ದರು. ಶಂಭುಲಿಂಗನ ಫೋನು ನಿಂತಿತು.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಫಕ್ಕೀರಸಾಬನ ಫೋನು ಬಂತು. ಹಿಂದಿನ ಬೆಂಚಿನ ಹುಡುಗ ಮತ್ತೆ ಬಬ್ಬಿ ಅಂದನಂತೆ. ದಿಲನಾಜ ಎದ್ದುನಿಂತು, ಇಡೀ ತರಗತಿಯ ಮುಂದೆ, ಎಷ್ಟು ಹೊತ್ತು ಹಿಡಿದರೂ ಬಿಡದೆ, ಒಂದು ಬೈಗುಳವನ್ನು ಪೂರ್ತಿ ಬೈದಳಂತೆ. ಹರಿಪ್ರಿಯಾ ಅಜ್ಜನನ್ನು ಶಾಲೆಗೆ ಕರೆಸಿದ್ದರು.

"ಎಂಥಾ ಮಾತು ಬೈದಾಳ್ರಿ! ನಮ್ಮ ಹಮಾಲರ ಬಾಯಾಗಿಂದು," ಎಂದ ಮುದುಕ. ದನಿಯಲ್ಲಿ ಬೇಸರವೇನೂ ಇರಲಿಲ್ಲ. "ಈಗ ಹಾವೇರಿ ಆಸ್ಪತ್ರಿಗೆ ವಾರಕ್ಕೊಮ್ಮೆ ಒಯ್ಯಾಕತ್ತೇವಿ. ಇನ್ನೂ ಐತಿ. ಆದ್ರ ಬಾಯಿ ತೆಗದಾಳ."

ಮರುದಿನ ಋಷಿಕೇಶ ಕರ್ಜಗಿಯ ಶಾಲೆಗೆ ಹೋದ. ಗೇಟಿನಲ್ಲೇ ಮಕ್ಕಳು ಗುರುತು ಹಿಡಿದು ಕುತ್ತಿಗೆ ಚಾಚಿ "ಬ-ಬ-ಬ" ಎಂದು ಅವನದೇ ಆಟ ಅವನಿಗೆ ಆಡಿ ತೋರಿಸಿದರು. ಅವನನ್ನು ಒಂದು ತರಗತಿಯೊಳಗೆ ನಿಲ್ಲಿಸಿದರು. ಅವನು ಬಾಯಿ ತೆರೆದ, ಅಕ್ಷರ ನಿಂತಿತು, ಮಕ್ಕಳು ನಕ್ಕರು. ಅವನಿಗೆ ಅದರಿಂದ ಹಿಂದಿನಷ್ಟೇ ನೋವಾಯಿತು. ಅವರು ನಕ್ಕು ಮುಗಿಸುವ ತನಕ ಹೊಸ ಕೊನೆಯ ಪುಟ ಕೈಯಲ್ಲಿ ಹಿಡಿದು ನಿಂತಿದ್ದು, ಆಮೇಲೆ ಓದಲು ಶುರುಮಾಡಿದ.